16:8, 5:2, ಒಂದೇ ಊಟ, ಅಥವಾ ಮೂರು ಹೊತ್ತಿನ ಅಳತೆಯೂಟ: ನಿಮಗೆ ಒಗ್ಗುವುದು ಯಾವುದು?

ಬೆಳಗಿನ ತಿಂಡಿ ಬಿಡಿ ಎನ್ನುವವರಿದ್ದಾರೆ, ರಾತ್ರಿಯೂಟ ಬಿಡಿ ಎನ್ನುವವರಿದ್ದಾರೆ (ಇದೇ 16:8: ದಿನಕ್ಕೆ 16 ಗಂಟೆ ಉಪವಾಸ, ಉಳಿದ 8 ಗಂಟೆಯೊಳಗೆ ಊಟ). ವಾರಕ್ಕೆರಡು ದಿನ ಅರೆಹೊಟ್ಟೆ ಇರಿ (5:2), ದಿನಕ್ಕೊಂದೇ ಊಟ ಮಾಡಿ ಎನ್ನುವವರೂ ಇದ್ದಾರೆ. ಎಲ್ಲರ ಬಳಿಯೂ ಹತ್ತು ಕಿಲೋ ಇಳಿಸಿದವರ ಉದಾಹರಣೆ ಇರುತ್ತದೆ. ಹಾಗಾಗಿ "ಇವುಗಳಲ್ಲಿ ನನಗೆ ಯಾವುದು?" ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಉತ್ತರ ಹುಡುಕಲು ಮೊದಲು ತಿಳಿಯಬೇಕಾದದ್ದು ಒಂದೇ: ನಿಮಗೆ ಬೇಡದ ಊಟ ದಿನದ ಯಾವ ಹೊತ್ತಿನಲ್ಲಿ ಒಳಗೆ ಹೋಗುತ್ತಿದೆ? ಆ ಹೊತ್ತನ್ನು ಮುಚ್ಚುವ ಪದ್ಧತಿ ನಿಮಗೆ ಒಗ್ಗುತ್ತದೆ. ಬೇರೆ ಹೊತ್ತನ್ನು ಮುಚ್ಚುವ ಪದ್ಧತಿಯಲ್ಲಿ ಹಸಿವು ಮಾತ್ರ ಸಿಗುತ್ತದೆ, ತೂಕ ಇದ್ದಲ್ಲೇ ಇರುತ್ತದೆ.

ಗಡಿಯಾರ ಮಾಡುವ ಕೆಲಸ ಎಷ್ಟು?

ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 300 ಕ್ಯಾಲೊರಿ ಕಡಿಮೆ ತಿಂದರೆ ತಿಂಗಳಿಗೆ 9,000 ಆಯಿತು. ಲೆಕ್ಕದ ಪ್ರಕಾರ ಒಂದು ಕಿಲೋಗಿಂತ ತುಸು ಹೆಚ್ಚು ಇಳಿಯಬೇಕು. ಆ 300 ಕ್ಯಾಲೊರಿಯನ್ನು ರಾತ್ರಿ ಎಂಟರ ನಂತರ ಬಾಯಿಗೆ ಬೀಗ ಹಾಕಿ ಉಳಿಸಿದರೂ ಒಂದೇ, ತಟ್ಟೆಯಲ್ಲಿ ಅನ್ನ ಕಡಿಮೆ ಬಡಿಸಿಕೊಂಡು ಉಳಿಸಿದರೂ ಒಂದೇ. ದೇಹಕ್ಕೆ ದೊಡ್ಡ ವ್ಯತ್ಯಾಸವೇನೂ ಕಾಣುವುದಿಲ್ಲ.

ಇದನ್ನು ಚೀನಾದ ಗುವಾಂಗ್‌ಝೌನಲ್ಲಿ 139 ಜನರ ಮೇಲೆ ಪರೀಕ್ಷಿಸಿ ನೋಡಿದ್ದಾರೆ. ಎರಡು ಗುಂಪಿಗೂ ಕ್ಯಾಲೊರಿ ಸಮನಾಗಿ ಕಡಿತ. ಒಂದು ಗುಂಪು ಮಾತ್ರ ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಉಣ್ಣಬೇಕಿತ್ತು. ವರ್ಷದ ಕೊನೆಗೆ ಹೊತ್ತು ಪಾಲಿಸಿದವರು ಸರಾಸರಿ 8 ಕಿಲೋ, ಉಳಿದವರು 6.3 ಕಿಲೋ ಇಳಿಸಿದ್ದರು. ಈ ಅಂತರ ಗಡಿಯಾರದಿಂದಲೇ ಬಂತು ಎನ್ನುವಷ್ಟು ಗಟ್ಟಿಯಾಗಿರಲಿಲ್ಲ. 2022ರಲ್ಲಿ ಪ್ರಕಟವಾದ ಅಧ್ಯಯನ ಇದು. ಅದೇ ವರ್ಷ ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿ 90 ಜನರ ಮೇಲೆ 14 ವಾರ ನಡೆದ ಇನ್ನೊಂದು ಅಧ್ಯಯನವೂ ಪ್ರಕಟವಾಯಿತು. ಅದರಲ್ಲಿ ಬೆಳಿಗ್ಗೆ 7ರಿಂದ ಮಧ್ಯಾಹ್ನ 3ರೊಳಗೆ ಉಂಡವರು 6.3 ಕಿಲೋ, ದಿನವಿಡೀ ಉಂಡವರು 4 ಕಿಲೋ ಇಳಿಸಿದರು. ಅಂದರೆ ಬೇಗ ಉಣ್ಣುವುದರಿಂದ ಒಂದಿಷ್ಟು ಲಾಭ ಇರಬಹುದು, ಆದರೆ ಮುಖ್ಯ ಕೆಲಸ ಮಾಡುವುದು ತಿಂದ ಪ್ರಮಾಣವೇ.

"16 ಗಂಟೆ ದಾಟಿದರೆ ಆಟೋಫೇಜಿ ಶುರುವಾಗಿ ಜೀವಕೋಶಗಳೆಲ್ಲ ಸ್ವಚ್ಛವಾಗುತ್ತವೆ" ಎಂಬ ಮಾತನ್ನೂ ಇಲ್ಲೇ ಬದಿಗಿಡೋಣ. ಆಟೋಫೇಜಿ ಎಂದರೆ ಜೀವಕೋಶ ತನ್ನದೇ ಹಳೆಯ ಭಾಗಗಳನ್ನು ಒಡೆದು ಮರುಬಳಸುವ ಕ್ರಿಯೆ. ಜಪಾನಿನ ವಿಜ್ಞಾನಿ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದದ್ದು ಯೀಸ್ಟ್ ಕೋಶಗಳಲ್ಲಿ ಆ ಕ್ರಿಯೆ ಹೇಗೆ ನಡೆಯುತ್ತದೆ ಎಂದು ತೋರಿಸಿದ್ದಕ್ಕೆ. ಮನುಷ್ಯರಲ್ಲಿ ಇಷ್ಟನೇ ಗಂಟೆಗೆ ಇಷ್ಟು ಲಾಭ ಎಂಬ ಗಡಿ ಸಿದ್ಧವಾಗಿಲ್ಲ. ಆ ಗಡಿ ಮುಟ್ಟಬೇಕೆಂದು ತಲೆ ಸುತ್ತುತ್ತಿದ್ದರೂ ಹದಿನಾರನೇ ಗಂಟೆಗೆ ಕಾಯುತ್ತ ಕೂರಬೇಡಿ.

ಆಯ್ಕೆಗೆ ಮುನ್ನ ಅಳೆಯಬೇಕಾದ್ದು

ಮೊದಲನೆಯದು ಸೋರಿಕೆ, ಅಂದರೆ ಬೇಡದ ಊಟ ಒಳಗೆ ಹೋಗುವ ಹೊತ್ತು. ಮೂರು ದಿನ ಬಾಯಿಗೆ ಹೋದದ್ದನ್ನೆಲ್ಲ ಗಂಟೆ ಸಮೇತ ಬರೆದಿಡಿ. ಎರಡು ದಿನ ಕೆಲಸದ ದಿನವಾಗಿರಲಿ, ಒಂದು ರಜೆಯ ದಿನ. "ಮಧ್ಯಾಹ್ನ ಊಟ" ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. "11:20, ಸಕ್ಕರೆ ಹಾಕಿದ ಕಾಫಿ, ಎರಡು ಬಿಸ್ಕತ್ತು, 6:40, ಅಡುಗೆ ಮಾಡುತ್ತಾ ಒಂದು ಹಿಡಿ ಕಡಲೆಬೀಜ, 10:15, ಮೊಬೈಲ್ ನೋಡುತ್ತಾ ಅರ್ಧ ಪೊಟ್ಟಣ ಚಿಪ್ಸ್" ಎಂದು ಬರೆಯಬೇಕು. ಆ ಅರ್ಧ ಪೊಟ್ಟಣ 60 ಗ್ರಾಂ ಇದ್ದರೆ 300 ಕ್ಯಾಲೊರಿ ದಾಟುತ್ತದೆ. ಹಿಡಿ ಕಡಲೆಬೀಜ 30 ಗ್ರಾಂ ತೂಗಿದರೆ ಸುಮಾರು 170. ಮೂರು ದಿನದ ಹಾಳೆ ನೋಡಿದರೆ ಸೋರಿಕೆ ರಾತ್ರಿಯದೋ, ದಿನವಿಡೀ ಬಾಯಾಡಿಸುವುದರದೋ, ಊಟದ ತಟ್ಟೆಯದೋ ಎಂಬುದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ.

ಎರಡನೆಯದು ಪ್ರೋಟೀನ್. ತೂಕ ಇಳಿಸುವಾಗ ಸ್ನಾಯು ಉಳಿಯಬೇಕಾದರೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.2 ಗ್ರಾಂ ಆದರೂ ಬೇಕು. 70 ಕಿಲೋ ಇರುವವರಿಗೆ ಇದು 84 ಗ್ರಾಂ ಆಗುತ್ತದೆ. ಮೂರು ಊಟಕ್ಕೆ ಹಂಚಿದರೆ ತಲಾ 28, ಎರಡಕ್ಕೆ 42. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಕಾಲು ಲೀಟರ್ ಹಾಲಿನಲ್ಲಿ 8, ಬೇಯಿಸಿದ 100 ಗ್ರಾಂ ಬೇಳೆಕಾಳಿನಲ್ಲಿ 8-9, ಬೇಯಿಸಿದ 100 ಗ್ರಾಂ ಕೋಳಿಮಾಂಸದಲ್ಲಿ ಸುಮಾರು 30 ಗ್ರಾಂ ಸಿಗುತ್ತದೆ. ಊಟದ ಸಂಖ್ಯೆ ಇಳಿದಷ್ಟೂ ಈ ಲೆಕ್ಕ ತುಂಬಿಸುವುದು ಕಷ್ಟ, ಸಸ್ಯಾಹಾರಿಗಳಿಗೆ ಇನ್ನೂ ಕಷ್ಟ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನ್ ಪ್ರಮಾಣವನ್ನು ವೈದ್ಯರಿಂದಲೇ ಗೊತ್ತುಮಾಡಿಕೊಳ್ಳಬೇಕು.

ಮೂರನೆಯದು ಮಾತ್ರೆಗಳು. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್ ಅಥವಾ ಗ್ಲಿಕ್ಲಾಜೈಡ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಊಟ ಬಿಟ್ಟು ಮಾತ್ರೆ ಮಾತ್ರ ತೆಗೆದುಕೊಂಡರೆ ಶುಗರ್ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಶುಗರ್ ಮಾತ್ರೆಯವರಿಗೆ ದೀರ್ಘ ಉಪವಾಸದಲ್ಲಿ ಕೀಟೋಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಅಪಾಯದ ಮಟ್ಟಕ್ಕೆ ಏರುವುದು) ಭಯವಿದೆ, ಅದೂ ಶುಗರ್ ತೀರಾ ಏರದೆ ಇರುವಾಗಲೇ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಿಗೆ ಎದ್ದು ನಿಂತಾಗ ಕಣ್ಣು ಕತ್ತಲೆ ಬರಬಹುದು. ಇವರೆಲ್ಲ ಮಾತ್ರೆಯ ಪ್ರಮಾಣ ಮತ್ತು ಹೊತ್ತನ್ನು ವೈದ್ಯರ ಬಳಿ ಬದಲಿಸಿಕೊಳ್ಳದೆ ಉಪವಾಸ ಶುರುಮಾಡಲೇಬಾರದು. ಗರ್ಭಿಣಿಯರು, ಎದೆಹಾಲುಣಿಸುವವರು, 18 ತುಂಬದವರು, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 18.5ಕ್ಕಿಂತ ಕಡಿಮೆ ಇರುವವರು, ಟೈಪ್ 1 ಮಧುಮೇಹ ಇರುವವರು, ಹಿಂದೆ ಊಟದ ವಿಚಾರದಲ್ಲಿ ಅತಿಯಾಗಿ ತಿನ್ನುವ ಅಥವಾ ತಿಂದು ವಾಂತಿ ಮಾಡುವ ಕಾಯಿಲೆ ಅನುಭವಿಸಿದವರು ಈ ಉಪವಾಸ ಪದ್ಧತಿಗಳನ್ನು ಬಿಟ್ಟು ನೇರವಾಗಿ ಮೂರು ಹೊತ್ತಿನ ಊಟದ ಭಾಗಕ್ಕೆ ಹೋಗಿ. ಅವರಲ್ಲಿ ಗರ್ಭಿಣಿಯರಿಗೆ, ಮಕ್ಕಳಿಗೆ, ಮೊದಲೇ ತೆಳ್ಳಗಿರುವವರಿಗೆ ಅಲ್ಲಿ ಹೇಳುವ ತೂಕ ಇಳಿಕೆಯೂ ಬೇಡ, ತಟ್ಟೆಯ ಜೋಡಣೆ ಮಾತ್ರ ಸಾಕು.

ಇನ್ನುಳಿದದ್ದು ನಿಮ್ಮ ದಿನಚರಿ: ನಿದ್ದೆಯ ಹೊತ್ತು, ಕೆಲಸದ ಪಾಳಿ, ಮನೆಯವರ ಜೊತೆ ಕೂತು ಉಣ್ಣುವ ಊಟ ಯಾವುದು ಎಂಬುದು. ಮನೆಮಂದಿಯೆಲ್ಲ ಸೇರುವ ಒಂದೇ ಊಟವನ್ನು ಬಿಡುವ ಪದ್ಧತಿ ಎರಡು ತಿಂಗಳು ಬಾಳುವುದೂ ಅಪರೂಪ. ಖರ್ಚಿನ ದೃಷ್ಟಿಯಿಂದ ಉಪವಾಸಕ್ಕೆ ಏನೂ ಕೊಳ್ಳಬೇಕಿಲ್ಲ. ಅಳತೆಯೂಟಕ್ಕೆ ಗ್ರಾಂ ತೋರಿಸುವ ಒಂದು ಅಡುಗೆಮನೆಯ ತಕ್ಕಡಿ ಬೇಕು. ಶೇಕ್, ಪುಡಿ, "ಫಾಸ್ಟಿಂಗ್ ಟೀ" ಯಾವುದೂ ಯಾರಿಗೂ ಅಗತ್ಯವಿಲ್ಲ.

12 ಮತ್ತು 14 ಗಂಟೆ: ಸದ್ದಿಲ್ಲದ ಪದ್ಧತಿ

ರಾತ್ರಿ 8ಕ್ಕೆ ಊಟ ಮುಗಿಸಿ ಬೆಳಿಗ್ಗೆ 8ಕ್ಕೆ ತಿಂಡಿ ತಿಂದರೆ 12 ಗಂಟೆ. 10ಕ್ಕೆ ತಿಂದರೆ 14. ಯಾವ ಊಟವನ್ನೂ ಬಿಡಬೇಕಿಲ್ಲ. ರಾತ್ರಿಯ ಬಾಯಾಡಿಸುವಿಕೆ ಮಾತ್ರ ತಾನಾಗಿ ನಿಲ್ಲುತ್ತದೆ. ನಿಮ್ಮ ಹಾಳೆಯಲ್ಲಿ ರಾತ್ರಿ ಒಂಬತ್ತರ ನಂತರದ ಸಾಲುಗಳೇ ಹೆಚ್ಚಿದ್ದರೆ ಬೇರೇನೂ ಯೋಚಿಸದೆ ಇದನ್ನೇ ಹಿಡಿಯಿರಿ. ಎದೆಯುರಿ ಇರುವವರಿಗೂ ಒಳ್ಳೆಯದು, ಏಕೆಂದರೆ ಊಟಕ್ಕೂ ಮಲಗುವುದಕ್ಕೂ ನಡುವೆ ಮೂರು ಗಂಟೆ ಸಿಗುತ್ತದೆ. ದಿನದ ನಡುವೆ ಸೋರುತ್ತಿರುವವರಿಗೆ ಇದರಿಂದ ತೂಕದಲ್ಲಿ ಏನೂ ಆಗದು.

16:8: ಎರಡು ಬಗೆ, ಎರಡು ಫಲ

ಹೆಚ್ಚಿನವರು ಮಾಡುವುದು ಮಧ್ಯಾಹ್ನ 12ರಿಂದ ರಾತ್ರಿ 8ರ ತನಕ ಉಣ್ಣುವ ಬಗೆ. ತಿಂಡಿ ಬಿಟ್ಟರಾಯಿತು, ಮನೆಯವರ ಜೊತೆ ರಾತ್ರಿಯೂಟ ಉಳಿಯುತ್ತದೆ. ಬೆಳಿಗ್ಗೆ ಹಸಿವೇ ಆಗದವರಿಗೆ ಇದು ಸಲೀಸು. ಆದರೆ ಏನು ತಿನ್ನಬೇಕೆಂದು ಹೇಳದೆ ಬರೀ ಹೊತ್ತು ಮಾತ್ರ ಕೊಟ್ಟರೆ ಏನಾಗುತ್ತದೆ ಎಂಬುದನ್ನು 2020ರಲ್ಲಿ ಪ್ರಕಟವಾದ ಸ್ಯಾನ್ ಫ್ರಾನ್ಸಿಸ್ಕೋದ ಅಧ್ಯಯನ ತೋರಿಸಿತು. 116 ಜನ, 12 ವಾರ. 16:8 ಮಾಡಿದವರು ಸರಾಸರಿ 0.94 ಕಿಲೋ ಇಳಿದರು, ಮೂರು ಹೊತ್ತು ಉಂಡವರು 0.68. ಕಳವಳದ ಸಂಗತಿ ಬೇರೆಯೇ ಇದೆ: ಹತ್ತಿರದಿಂದ ಅಳೆದ ಕೆಲವರಲ್ಲಿ 16:8 ಗುಂಪಿನವರು ಕಳೆದುಕೊಂಡ ತೂಕದ ಬಹುಪಾಲು ಕೊಬ್ಬಿನದಾಗಿರದೆ ಸ್ನಾಯು ಸೇರಿದ ಭಾಗದ್ದಾಗಿತ್ತು. ಪ್ರೋಟೀನ್ ಲೆಕ್ಕಕ್ಕೆ ಮೇಲೆ ಅಷ್ಟು ಜಾಗ ಕೊಟ್ಟದ್ದು ಇದಕ್ಕೇ.

ಇನ್ನೊಂದು ಬಗೆ, ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ. ಸಂಜೆಯಾದಂತೆ ಇನ್ಸುಲಿನ್‌ಗೆ ದೇಹ ಸ್ಪಂದಿಸುವುದು ಕಡಿಮೆಯಾಗುತ್ತದೆ. ಅದೇ ಅನ್ನ ಬೆಳಿಗ್ಗೆಗಿಂತ ರಾತ್ರಿ ಶುಗರ್ ಹೆಚ್ಚು ಏರಿಸುತ್ತದೆ. 2018ರಲ್ಲಿ ಮಧುಮೇಹದ ಅಂಚಿನಲ್ಲಿದ್ದ ಎಂಟು ಗಂಡಸರಿಗೆ ಮಧ್ಯಾಹ್ನ 3ರೊಳಗೆ ಎಲ್ಲ ಊಟ ಮುಗಿಸುವ ಆರು ಗಂಟೆಯ ಅವಧಿ ಕೊಟ್ಟು ನೋಡಿದರು. ಐದು ವಾರದಲ್ಲಿ ತೂಕ ಇಳಿಯದಿದ್ದರೂ ಇನ್ಸುಲಿನ್ ಸ್ಪಂದನೆ ಮತ್ತು ಬಿಪಿ ಸುಧಾರಿಸಿದವು. ಎಂಟೇ ಜನರ ಅಧ್ಯಯನ, ಆದರೂ ದಿಕ್ಕು ತೋರಿಸುತ್ತದೆ. ಶುಗರ್ ಅಂಚಿನಲ್ಲಿದ್ದು ಇನ್ನೂ ಮಾತ್ರೆ ಶುರುವಾಗದವರಿಗೆ ಈ ಬಗೆ ಹೆಚ್ಚು ಲಾಭದ್ದು. ಬೆಲೆ ಏನೆಂದರೆ ರಾತ್ರಿಯೂಟವೇ ಇಲ್ಲ. ಅದು ಸಾಧ್ಯವಿಲ್ಲದವರು 9ರಿಂದ ಸಂಜೆ 6:30ರ ತನಕ ಎಂದು ಒಪ್ಪಂದ ಮಾಡಿಕೊಳ್ಳಬಹುದು. ಕಾಗದದ ಮೇಲೆ 16 ಗಂಟೆ ಆಗದಿದ್ದರೂ ಮಧ್ಯರಾತ್ರಿಯ ಹತ್ತಿರ ಉಣ್ಣುವ 16:8ಕ್ಕಿಂತ ಇದೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಒಮ್ಮೆಲೇ 16 ಗಂಟೆಗೆ ಜಿಗಿಯಬೇಡಿ. ಒಂದು ವಾರ 12 ಗಂಟೆ ಇರಿ. ಆಮೇಲೆ ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಸರಿಸಿ. 14ರಲ್ಲಿ ಎರಡು ವಾರ ನಿಂತು ನೋಡಿ. ತೂಕ ಇಳಿಯುತ್ತಿದ್ದರೆ ಅಲ್ಲೇ ಇರಿ, ಮುಂದೆ ಹೋಗುವ ಅಗತ್ಯವೇ ಇಲ್ಲ. ಉಪವಾಸದ ಹೊತ್ತಿನಲ್ಲಿ ನೀರು, ಸಕ್ಕರೆ ಹಾಲು ಇಲ್ಲದ ಕಾಫಿ ಟೀ ಕುಡಿಯಬಹುದು. ಒಂದು ಚಮಚ ಹಾಲು ಬಿದ್ದರೆ ತೂಕಕ್ಕೆ ಏನೂ ಆಗದು. ಎರಡು ಚಮಚ ಸಕ್ಕರೆ, ಅರ್ಧ ಲೋಟ ಹಾಲು ಸೇರಿದರೆ ಅದು ನೂರು ಕ್ಯಾಲೊರಿಯ ತಿಂಡಿ, ಕಾಫಿ ಎಂದು ಬಿಟ್ಟುಬಿಡಲಾಗದು. ಮೊದಲ ವಾರದ ತಲೆನೋವಿಗೆ ಸಾಮಾನ್ಯ ಕಾರಣ ನೀರು ಕಡಿಮೆಯಾಗುವುದು, ಅಥವಾ ಎಂದಿನ ಕಾಫಿಯ ಹೊತ್ತು ತಪ್ಪುವುದು. ಖಾಲಿ ಹೊಟ್ಟೆಯ ಕಾಫಿ ಹುಳಿತೇಗು ತರಿಸಿದರೆ ಕಾಫಿಯನ್ನು ಊಟದ ನಂತರಕ್ಕೆ ತಳ್ಳಿ. ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಯನ್ನು ಉಪವಾಸದ ಹೊತ್ತಿನಲ್ಲಿ ನುಂಗಬೇಡಿ.

ಈ ಪದ್ಧತಿ ಕೆಡುವ ಜಾಗ ಮೊದಲ ಊಟ. ಹನ್ನೆರಡು ಹೊಡೆಯುತ್ತದೆ, ಅಡುಗೆ ಇನ್ನೂ ಆಗಿರುವುದಿಲ್ಲ, ಕೈ ಬಿಸ್ಕತ್ತಿನ ಡಬ್ಬಿಗೆ ಹೋಗುತ್ತದೆ. ನಿಂತಲ್ಲೇ ನಾಲ್ಕು, ಊಟಕ್ಕೆ ಕೂತ ಮೇಲೆ ಎಂದಿನದಕ್ಕಿಂತ ಒಂದು ಸೌಟು ಹೆಚ್ಚು ಅನ್ನ, ಕೊನೆಗೆ "ಬೆಳಿಗ್ಗೆ ತಿಂದಿಲ್ಲವಲ್ಲ" ಎಂದು ಒಂದು ಸಿಹಿ. ತಿಂಡಿ ಬಿಟ್ಟು ಉಳಿಸಿದ 350 ಕ್ಯಾಲೊರಿ ಇಪ್ಪತ್ತು ನಿಮಿಷದಲ್ಲಿ ಮರಳಿ ಬಂದಿರುತ್ತದೆ. ಅವಧಿ ತೆರೆಯುವ ಮೊದಲೇ ಊಟ ತಯಾರಿರಬೇಕು, ತಟ್ಟೆಯಲ್ಲಿ ಮೊದಲು ಬಾಯಿಗೆ ಹೋಗುವುದು ತರಕಾರಿ ಮತ್ತು ಕಾಳು, ಮೊಟ್ಟೆ ಅಥವಾ ಮೀನು ಆಗಿರಬೇಕು. ಅನ್ನ, ಬ್ರೆಡ್ ಆಮೇಲೆ.

5:2: ಕೆಲವು ದಿನ ಬಿಗಿ, ಉಳಿದ ದಿನ ಸಡಿಲ

ವಾರದಲ್ಲಿ ಎರಡು ದಿನ ಹೆಂಗಸರಿಗೆ 500, ಗಂಡಸರಿಗೆ 600 ಕ್ಯಾಲೊರಿ. ಉಳಿದ ಐದು ದಿನ ಎಂದಿನಂತೆ. 2012ರಲ್ಲಿ ಬಿಬಿಸಿ ಕಾರ್ಯಕ್ರಮದ ಮೂಲಕ ಬ್ರಿಟನ್ನಿನ ಟಿವಿ ನಿರೂಪಕ ಮೈಕೆಲ್ ಮೋಸ್ಲಿ ಇದನ್ನು ಮನೆಮಾತಾಗಿಸಿದರು. ದಿನವೂ ನಿಯಮ ಪಾಲಿಸುವುದೇ ಹಿಂಸೆ ಎನ್ನುವವರಿಗೆ, ವಾರಾಂತ್ಯದಲ್ಲಿ ಹೊರಗಿನ ಊಟ ತಪ್ಪದವರಿಗೆ ಒಳ್ಳೆಯ ಆಯ್ಕೆ.

500 ಕ್ಯಾಲೊರಿ ಎಂದರೆ ಎಷ್ಟು ಎಂಬುದನ್ನು ಕಣ್ಣಾರೆ ನೋಡಬೇಕು: ಎರಡು ಬೇಯಿಸಿದ ಮೊಟ್ಟೆ, ಬೇಯಿಸಿದ ಕಾಳು 100 ಗ್ರಾಂ, ತರಕಾರಿ 250 ಗ್ರಾಂ, ಕೆನೆ ತೆಗೆದ ಮೊಸರು 150 ಗ್ರಾಂ, ಒಂದು ಸಣ್ಣ ಸೇಬು. ಇಷ್ಟೇ, ಇಡೀ ದಿನಕ್ಕೆ. ಒಗ್ಗರಣೆಗೆ ಒಂದು ದೊಡ್ಡ ಚಮಚ ಎಣ್ಣೆ ಬಿದ್ದರೆ 120 ಕ್ಯಾಲೊರಿ ಅಲ್ಲೇ ಹೋಯಿತು. ಈ ತಟ್ಟೆಯಲ್ಲಿ 30 ಗ್ರಾಂ ಆಸುಪಾಸು ಪ್ರೋಟೀನ್ ಇದೆ, ಹಸಿವು ತಡೆಯಲು ಅದನ್ನು ಎರಡು ಹೊತ್ತಿಗೆ ಹಂಚಿಕೊಳ್ಳುವುದು ವಾಸಿ. ಉಪವಾಸದ ದಿನಗಳು ಸೋಮವಾರ, ಗುರುವಾರದಂತೆ ದೂರ ದೂರ ಇರಲಿ. ಭಾರ ಎತ್ತುವ ವ್ಯಾಯಾಮ, ದೂರದ ಡ್ರೈವಿಂಗ್ ಆ ದಿನ ಬೇಡ. ಉಪವಾಸದ ಮುನ್ನಾದಿನ ರಾತ್ರಿ "ನಾಳೆ ಇಲ್ಲವಲ್ಲ" ಎಂದು ತುಂಬಿಕೊಳ್ಳುವವರಿಗೆ 5:2 ಹೇಳಿದ್ದಲ್ಲ.

ದಿನ ಬಿಟ್ಟು ದಿನ, ಮತ್ತು ಒಂದೇ ಊಟ

ದಿನ ಬಿಟ್ಟು ದಿನದ ಉಪವಾಸವನ್ನು ಷಿಕಾಗೋದಲ್ಲಿ 100 ಜನರ ಮೇಲೆ ಒಂದು ವರ್ಷ ನೋಡಿದ ಅಧ್ಯಯನ 2017ರಲ್ಲಿ ಬಂತು. ತೂಕ 6 ಶೇಕಡ ಇಳಿಯಿತು. ದಿನವೂ ಸ್ವಲ್ಪ ಸ್ವಲ್ಪ ಕಡಿಮೆ ತಿಂದವರದು 5.3 ಶೇಕಡ. ನಡುವೆಯೇ ಕೈಬಿಟ್ಟವರು ಮೊದಲ ಗುಂಪಿನಲ್ಲಿ 38 ಶೇಕಡ, ಎರಡನೆಯದರಲ್ಲಿ 29. ಅಷ್ಟೇ ಫಲಕ್ಕೆ ಹೆಚ್ಚು ಕಷ್ಟ. ನಾವು ಇದನ್ನು ಯಾರಿಗೂ ಮೊದಲ ಆಯ್ಕೆಯಾಗಿ ಹೇಳುವುದಿಲ್ಲ.

ದಿನಕ್ಕೊಂದೇ ಊಟದ್ದು ಇನ್ನೂ ಬಿಗಿ. ಮೇಲಿನ 84 ಗ್ರಾಂ ಪ್ರೋಟೀನನ್ನು ಒಂದೇ ಕೂತಲ್ಲಿ ತಿನ್ನಬೇಕು, ಮೊಟ್ಟೆಯಲ್ಲೇ ಲೆಕ್ಕ ಹಾಕಿದರೆ ಹದಿನಾಲ್ಕು. ಜೊತೆಗೆ 25-30 ಗ್ರಾಂ ನಾರು, ಕ್ಯಾಲ್ಸಿಯಂ ಎಲ್ಲ ಅದರಲ್ಲೇ ಬರಬೇಕು. ಹೆಚ್ಚಿನವರು ತುಂಬಲಾರರು, ಮಲಬದ್ಧತೆ, ರಾತ್ರಿ ಹೊಟ್ಟೆಯುಬ್ಬರ ಬರುತ್ತವೆ. ತೂಕ ತೀರ ವೇಗವಾಗಿ ಇಳಿದರೆ, ಅಂದರೆ ವಾರಕ್ಕೆ ಒಂದೂವರೆ ಕಿಲೋ ಮೀರಿ ಇಳಿಯುತ್ತಲೇ ಹೋದರೆ, ಪಿತ್ತಕೋಶದ ಕಲ್ಲಿನ ಅಪಾಯವೂ ಇದೆ.

ಉಪವಾಸವಿಲ್ಲದೆ, ಮೂರು ಹೊತ್ತು

ಇದಕ್ಕೆ ಹೆಸರಿಲ್ಲ, ಆದ್ದರಿಂದ ಪ್ರಚಾರವೂ ಇಲ್ಲ. ಆದರೆ ಸೋರಿಕೆ ತಟ್ಟೆಯಲ್ಲೇ ಇದ್ದವರಿಗೆ, ಮಾತ್ರೆ ತೆಗೆದುಕೊಳ್ಳುವವರಿಗೆ, ಹಸಿದರೆ ಕೈಕಾಲು ನಡುಗುವವರಿಗೆ ಇದೇ ಸರಿಯಾದ ದಾರಿ.

ಅರ್ಧ ತಟ್ಟೆ ತರಕಾರಿ, ಕಾಲು ತಟ್ಟೆ ಪ್ರೋಟೀನ್, ಕಾಲು ತಟ್ಟೆ ಅನ್ನ ಅಥವಾ ಇನ್ನಾವುದೇ ಧಾನ್ಯ. ತಿಂಡಿಗೂ ಇದೇ ನಿಯಮ. ಎಣ್ಣೆಯನ್ನು ಬಾಟಲಿಯಿಂದ ನೇರ ಬಾಣಲೆಗೆ ಸುರಿಯಬೇಡಿ. ಕೈ ಒಂದು ಕ್ಷಣ ಹೆಚ್ಚು ಬಾಗಿದರೆ ಎರಡು ದೊಡ್ಡ ಚಮಚ, 240 ಕ್ಯಾಲೊರಿ, ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಚಮಚದಲ್ಲಿ ಅಳೆಯಿರಿ, ಒಬ್ಬರಿಗೆ ಒಂದು ಊಟಕ್ಕೆ 5 ಗ್ರಾಂನ ಸಣ್ಣ ಚಮಚ ಒಂದೋ ಎರಡೋ. ಸಕ್ಕರೆಯ ಪಾನೀಯ ಪೂರ್ತಿ ಬಿಡಿ. ಹಣ್ಣು ತಿನ್ನಿ, ಜ್ಯೂಸ್ ಬೇಡ. ದಿನಕ್ಕೆ ತರಕಾರಿ ಹಣ್ಣು ಸೇರಿ 400 ಗ್ರಾಂ ಆದರೂ ಇರಲಿ, ಉಪ್ಪು 5 ಗ್ರಾಂ ಒಳಗೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಪೊಟ್ಟಣದ ಆಹಾರ ಕಡಿಮೆ ಮಾಡುವುದರ ಬಲ ಎಷ್ಟೆಂದು 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ತೋರಿಸಿದರು. 20 ಜನರಿಗೆ ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರ, ಎರಡು ವಾರ ಸಹಜ ಆಹಾರ; ಎರಡರಲ್ಲೂ ಬೇಕಾದಷ್ಟು ತಿನ್ನಬಹುದಿತ್ತು. ಸಂಸ್ಕರಿಸಿದ್ದನ್ನು ಕೊಟ್ಟಾಗ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, 0.9 ಕಿಲೋ ಏರಿದರು. ಸಹಜ ಆಹಾರದಲ್ಲಿ ಅಷ್ಟೇ ಇಳಿದರು. ಯಾರೂ ಉಪವಾಸ ಮಾಡಿರಲಿಲ್ಲ.

ಇದರ ಕೊರತೆಯೆಂದರೆ ಪ್ರತಿ ಊಟದಲ್ಲೂ ಗಮನ ಬೇಕು, ಅಡುಗೆಗೆ ಸಮಯ ಬೇಕು. "ಎಂಟರ ನಂತರ ಬೇಡ" ಎಂಬಷ್ಟು ಸರಳವಾದ ಗೆರೆ ಇಲ್ಲಿ ಸಿಗದು. ಹಾಗಾಗಿ ಅಳತೆಯೂಟದ ಜೊತೆ 12 ಗಂಟೆಯ ರಾತ್ರಿ ವಿರಾಮ ಸೇರಿಸಿಕೊಂಡರೆ ಅನೇಕರಿಗೆ ಎರಡರ ಅನುಕೂಲವೂ ದಕ್ಕುತ್ತದೆ. ಆದರೆ ಇನ್ಸುಲಿನ್ ಮತ್ತು ಶುಗರ್ ಮಾತ್ರೆಯವರು ಅದನ್ನೂ ವೈದ್ಯರನ್ನು ಕೇಳಿಯೇ ಸೇರಿಸಿಕೊಳ್ಳಿ.

ನಿಮ್ಮದು ಯಾವುದು?

ರಾತ್ರಿ ತಿನ್ನುವ ಚಟವಿದ್ದರೆ 12 ಅಥವಾ 14 ಗಂಟೆ. ಬೆಳಿಗ್ಗೆ ಹಸಿವಿಲ್ಲದೆಯೂ ಅಭ್ಯಾಸಕ್ಕೆ ತಿಂಡಿ ತಿನ್ನುವವರಾದರೆ 16:8ರ ಮಧ್ಯಾಹ್ನದ ಬಗೆ. ಶುಗರ್ ಅಂಚಿನಲ್ಲಿದ್ದು ಸಂಜೆ ಬೇಗ ಮನೆ ಸೇರುವವರಿಗೆ ಬೆಳಗಿನ ಬಗೆ. ದಿನವೂ ಲೆಕ್ಕ ಬೇಡ ಎನ್ನುವವರು, ಎರಡು ದಿನ ಹಸಿವು ತಡೆಯಬಲ್ಲವರು 5:2 ನೋಡಬಹುದು. ಅರವತ್ತು ದಾಟಿದವರಿಗೆ ಸ್ನಾಯು ಉಳಿಸುವುದೇ ಮುಖ್ಯ, ಅವರಿಗೆ ಮೂರು ಹೊತ್ತು ಪ್ರೋಟೀನ್ ಹಂಚಿದ ಊಟ ಮತ್ತು ವಾರಕ್ಕೆ ಎರಡು ಬಾರಿ ಸ್ನಾಯುಗಳಿಗೆ ಕೆಲಸ ಕೊಡುವ ವ್ಯಾಯಾಮ. ರಾತ್ರಿ ಪಾಳಿಯವರು ಪಾಳಿಗೆ ಮುನ್ನ ಮುಖ್ಯ ಊಟ ಮುಗಿಸಿ, ಮಧ್ಯರಾತ್ರಿಯಿಂದ ಬೆಳಗಿನವರೆಗೆ ಕಡಿಮೆ ತಿನ್ನುವುದು ಸಾಕು. ಗಂಟೆಗಳ ಲೆಕ್ಕ ಅವರ ನಿದ್ದೆ ಕೆಡಿಸಬಾರದು.

ಆರಿಸಿದ್ದನ್ನು ಎಂಟು ವಾರ ಮಾಡಿ ನೋಡಿ. ಮೊದಲ ವಾರದ ಎರಡು ಕಿಲೋ ನೋಡಿ ಹಿಗ್ಗಬೇಡಿ. ದೇಹದಲ್ಲಿ ಕೂಡಿಟ್ಟ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಖರ್ಚಾಗುವಾಗ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರೂ ಹೋಗುತ್ತದೆ, ಒಂದು ದಿನ ಹೊಟ್ಟೆ ತುಂಬ ಉಂಡರೆ ಮರಳುತ್ತದೆ. ಬೆಳಿಗ್ಗೆ ಶೌಚದ ನಂತರ ತೂಗಿ ವಾರದ ಸರಾಸರಿ ಬರೆಯಿರಿ. ಎರಡು ವಾರಕ್ಕೊಮ್ಮೆ ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು, ಟೇಪು ಹಿಡಿಯಿರಿ. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಬರುವುದು ಗುರಿ. ಇರುವ ತೂಕದ 5 ಶೇಕಡ ಇಳಿದರೂ ಬಿಪಿ, ಶುಗರ್‌ನಲ್ಲಿ ಬದಲಾವಣೆ ಕಾಣತೊಡಗುತ್ತದೆ.

ನಡುಕ, ತಣ್ಣನೆಯ ಬೆವರು, ಮಾತು ತೊದಲುವುದು ಕಂಡರೆ ಉಪವಾಸ ಅಲ್ಲಿಗೇ ಮುಗಿಯಿತು: ಮೂರು ಸಣ್ಣ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಿರಿ, 15 ನಿಮಿಷ ಬಿಟ್ಟು ಶುಗರ್ ನೋಡಿ. 70ಕ್ಕಿಂತ ಕೆಳಗಿದ್ದರೆ ಇನ್ನೊಮ್ಮೆ ಕುಡಿದು, ಸರಿಹೋದ ಮೇಲೆ ಊಟ ಮಾಡಿ ವೈದ್ಯರಿಗೆ ತಿಳಿಸಿ. ಮುಟ್ಟು ಏರುಪೇರಾದರೆ, ನಿದ್ದೆ ಹಾರಿದರೆ, ದಿನವಿಡೀ ಊಟದ್ದೇ ಯೋಚನೆಯಾದರೆ ಅವಧಿಯನ್ನು ಎರಡು ಗಂಟೆ ಸಡಿಲಿಸಿ.

ಎಂಟು ವಾರವಾದರೂ ಸರಾಸರಿ ಕದಲದಿದ್ದರೆ ಉಪವಾಸದ ಗಂಟೆ ಹೆಚ್ಚಿಸಬೇಡಿ. ಮತ್ತೆ ಮೂರು ದಿನ ಹಾಳೆ ಬರೆಯಿರಿ, ಈ ಸಲ ಎಣ್ಣೆ, ಬೀಜಗಳು, ಹಾಲು ಸಕ್ಕರೆಯನ್ನು ತಕ್ಕಡಿಯಲ್ಲಿಟ್ಟು ಗ್ರಾಂ ಸಮೇತ. ನಿಂತ ತೂಕದ ಕಾರಣ ಹೆಚ್ಚಿನ ಸಲ ಆ ಸಾಲುಗಳಲ್ಲೇ ಇರುತ್ತದೆ.